ಎಂಜಿನ್ನಿನ ಉಸಿರು, ಅಶ್ವಶಕ್ತಿಯ ಲೆಕ್ಕ

‘ಸಿಲಿಂಡರ್ ಹೆಡ್ಡಿನ ದಾರಿಯನ್ನು ಉಜ್ಜಿಸಿ ಅಗಲ ಮಾಡಿಸಿದರೆ ಬೈಕಿನ ಶಕ್ತಿ ಹೆಚ್ಚುತ್ತದಂತೆ, ದುಡ್ಡು ಕೊಡಪ್ಪಾ’ ಎಂದು ಮಗ ಕೇಳುತ್ತಾನೆ. ಹೌದೆನ್ನಬೇಕೋ ಬೇಡವೆನ್ನಬೇಕೋ ಅಪ್ಪನಿಗೆ ತೋಚುವುದಿಲ್ಲ. ಈ ವಾರ ಇಬ್ಬರೂ ಕಾಗದ, ಪೆನ್ಸಿಲ್ ಹಿಡಿದು ಕೂರಲಿ.

ಎಂಜಿನ್ ಓಡುವುದು ಪೆಟ್ರೋಲಿನಿಂದ ಎನ್ನುತ್ತೇವೆ. ಆದರೆ 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಅಂದರೆ 1 ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ! ಪೆಟ್ರೋಲನ್ನು ಹೆಚ್ಚಿಗೆ ಬಿಡುವುದು ಸುಲಭ. ಗಾಳಿಯನ್ನು ಒಳಗೆ ತುಂಬುವುದೇ ಕಷ್ಟ. ಆ ಗಾಳಿ ಒಳಬರುವ ಬಾಗಿಲೇ ಸಿಲಿಂಡರ್ ಹೆಡ್ಡಿನ ಪೋರ್ಟ್ ಮತ್ತು ವಾಲ್ವ್.

ಈ ಬಾಗಿಲನ್ನು ಅಳೆಯಲು ‘ಫ್ಲೋ ಬೆಂಚ್’ ಎಂಬ ಯಂತ್ರವಿದೆ. ಹೆಡ್ಡನ್ನು ಅದರ ಮೇಲೆ ಕೂರಿಸಿ, ವಾಲ್ವನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಗಾಳಿ ಎಳೆಯುತ್ತಾರೆ. ಒತ್ತಡದ ವ್ಯತ್ಯಾಸವನ್ನು ಸಾಮಾನ್ಯವಾಗಿ 28 ಅಂಗುಲ ಎತ್ತರದ ನೀರಿನಷ್ಟಕ್ಕೆ ನಿಲ್ಲಿಸಿ, ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಹರಿಯಿತೆಂದು ನೋಡುತ್ತಾರೆ. ಅಮೆರಿಕದ ರೇಸ್ ಕಾರು ಮೆಕ್ಯಾನಿಕ್ಕುಗಳು ಬಳಸುವ ಅಂದಾಜು ಸೂತ್ರ ಹೀಗಿದೆ:

ಗಾಳಿಯ ಹರಿವು × ಸಿಲಿಂಡರುಗಳ ಸಂಖ್ಯೆ × 0.257 = ಅಶ್ವಶಕ್ತಿ

ಎಂಟು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದೊಂದು ದಾರಿಯೂ 200 ಘನ ಅಡಿ ಬಿಟ್ಟರೆ, 200 × 8 × 0.257, ಅಂದರೆ ಸುಮಾರು 411 ಅಶ್ವಶಕ್ತಿ. (1 ಅಶ್ವಶಕ್ತಿ ಎಂದರೆ 746 ವಾಟ್.) ಟರ್ಬೊ ಇಲ್ಲದ, ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್ನಿಗೆ ಮಾತ್ರ ಈ ಲೆಕ್ಕ.

ಇಲ್ಲೇ ಎಚ್ಚರ ಬೇಕು. 411 ಎಂಬುದು ಸಿಕ್ಕೇ ಸಿಗುವ ಶಕ್ತಿಯಲ್ಲ, ಸಿಗಬಹುದಾದ ಮಿತಿ. ಹೆಬ್ಬಾಗಿಲು ದೊಡ್ಡದಾದ ಮಾತ್ರಕ್ಕೆ ಮನೆ ತುಂಬ ನೆಂಟರು ಬರುತ್ತಾರೆಯೇ? ಕ್ಯಾಮ್, ಕಂಪ್ರೆಷನ್, ಕಾರ್ಬುರೇಟರ್, ಸೈಲೆನ್ಸರ್ ಎಲ್ಲವೂ ಆ ಗಾಳಿಗೆ ತಕ್ಕಂತಿರಬೇಕು. ಕಾಲುವೆಯನ್ನು ವಿಪರೀತ ಅಗಲಿಸಿದರೆ ನೀರಿನ ಓಟ ನಿಧಾನವಾಗುತ್ತದೆ, ಪೋರ್ಟೂ ಹಾಗೆಯೇ. ಪೇಟೆಯ ನಿಧಾನ ಓಟದಲ್ಲಿ ಬೈಕಿನ ಎಳೆತ ಇದ್ದದ್ದೂ ಕಡಿಮೆಯಾದೀತು.

ಸುತ್ತಲಿನ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಉಷ್ಣತೆ ಒಂದೇ ಇದ್ದರೆ, ಮಂಗಳೂರಿನ ಗಾಳಿಗಿಂತ ಇಲ್ಲಿಯದು ಸುಮಾರು ಶೇಕಡ 10ರಷ್ಟು ತೆಳು. ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ.

ಹಾಗಾದರೆ ಅಪ್ಪ ಏನು ಹೇಳಬೇಕು? ‘ಉಜ್ಜುವ ಮೊದಲು ಎಷ್ಟು ಗಾಳಿ ಹರಿಯುತ್ತಿತ್ತು, ಉಜ್ಜಿದ ಮೇಲೆ ಎಷ್ಟು? ಅಳೆದು ತೋರಿಸುವವರಿದ್ದಾರೆಯೇ, ಕೇಳಿಕೊಂಡು ಬಾ’ ಎನ್ನಲಿ. ಅಲ್ಲಿಯವರೆಗೆ ಏರ್ ಫಿಲ್ಟರ್ ಶುಚಿಯಾಗಿಟ್ಟರೆ ಸಾಕು. ಉಜ್ಜಿ ತೆಗೆದ ಲೋಹವನ್ನು ಮತ್ತೆ ಅಂಟಿಸುವಂತಿಲ್ಲ.