ಕಾಲುಸಂಕ ಗಟ್ಟಿಯಾದರೆ ನೆರೆಕರೆ ಗಟ್ಟಿ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಅಭಿವೃದ್ಧಿಯ ಮಾತು ಬಂದಾಗಲೆಲ್ಲ ಚರ್ಚೆ ರಸ್ತೆ ವಿಸ್ತರಣೆ, ಕಾಂಕ್ರೀಟೀಕರಣಗಳಿಗೇ ಸೀಮಿತವಾಗುತ್ತದೆ. ಆದರೆ ಈ ಭಾಗದ ಗ್ರಾಮಗಳ ರಚನೆಯೇ ಬೇರೆ. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗಳು ಒಂದೆಡೆ ಗುಂಪಾಗಿಲ್ಲ. ಗುಡ್ಡ, ತೋಡು, ಅಡಿಕೆ ತೋಟಗಳ ನಡುವೆ ಚದುರಿಕೊಂಡಿವೆ. ಮಳೆಗಾಲದಲ್ಲಿ ತೋಡು ತುಂಬಿ ಹರಿದರೆ ಕೂಗಳತೆಯ ಮನೆಗೂ ಸುತ್ತುದಾರಿಯೇ ಗತಿ. ಶಾಲೆ, ಅಂಗನವಾಡಿ, ಹಾಲಿನ ಸೊಸೈಟಿ, ನ್ಯಾಯಬೆಲೆ ಅಂಗಡಿಗಳಿಗೆ ನಡೆದು ಹೋಗಲು ಸಾಧ್ಯವೇ ಎಂಬುದನ್ನು ನಿರ್ಧರಿಸುವುದು ಹೆದ್ದಾರಿಯಲ್ಲ, ಕಾಲುಸಂಕ.

ಸಣ್ಣ ನಿರ್ಮಾಣವೊಂದು ಊರನ್ನು ಹೇಗೆ ಬೆಸೆಯಬಲ್ಲದು ಎಂಬುದನ್ನು ಸುಳ್ಯ ದಶಕಗಳ ಹಿಂದೆಯೇ ತೋರಿಸಿಕೊಟ್ಟಿದೆ. ಮೆಕ್ಯಾನಿಕಲ್ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ನಿರ್ಮಿಸಿದರು. ಅನಂತರ ಕರ್ನಾಟಕ, ಕೇರಳ ಮುಂತಾದ ರಾಜ್ಯಗಳಲ್ಲಿ ಇಂತಹ ನೂರಕ್ಕೂ ಅಧಿಕ ಸೇತುವೆಗಳನ್ನು ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. ಎರಡು ದಡಗಳಲ್ಲಿ ಗೋಪುರ, ಅವುಗಳ ಮೇಲೆ ಹಾದು ನೆಲದಲ್ಲಿ ಬಿಗಿದ ಉಕ್ಕಿನ ಹಗ್ಗ, ಅದರಿಂದ ತೂಗುವ ಕಾಲುದಾರಿ - ತಂತ್ರ ಇಷ್ಟೇ. ವೆಚ್ಚ ವಾಹನ ಸೇತುವೆಗಿಂತ ಬಹಳ ಕಡಿಮೆ.

ನದಿಯ ನಡುವೆ ಕಂಬವಿಲ್ಲದಿರುವುದೂ ದೊಡ್ಡ ಅನುಕೂಲ. 2022ರ ಆಗಸ್ಟ್ ಆರಂಭದಲ್ಲಿ ಸುಳ್ಯ ತಾಲೂಕಿನಲ್ಲಿ ನೆರೆ ಬಂದಾಗ ಹರಿಹರ ಪಳ್ಳತ್ತಡ್ಕದ ಸೇತುವೆಗೆ ತೇಲಿಬಂದ ಮರದ ದಿಮ್ಮಿಗಳು ಸಿಲುಕಿಕೊಂಡಿದ್ದವು. ಅದೇ ತಿಂಗಳು ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೇ ತರಗತಿಯ ಬಾಲಕಿ ಶಾಲೆಯಿಂದ ಮರಳುವಾಗ ಕಾಲುಸಂಕದಿಂದ ಜಾರಿ ಬಿದ್ದು ಪ್ರಾಣ ಕಳೆದುಕೊಂಡಳು. ಅಡಿಕೆ ಮರದ ಸಂಕಕ್ಕೆ ಬದಲಾಗಿ ಕಿರುಸೇತುವೆ ಕಟ್ಟುವುದು ಕೇವಲ ಸೌಕರ್ಯದ ಪ್ರಶ್ನೆಯಲ್ಲ.

ಪರಿಹಾರಗಳು ಇಲ್ಲವೆಂದಲ್ಲ. ರಾಜ್ಯದಲ್ಲಿ ಶಾಲಾ ಸಂಪರ್ಕ ಸೇತು ಯೋಜನೆ ರೂಪುಗೊಂಡಿದೆ. ಕರಾವಳಿಯಲ್ಲಿ ಕಿಂಡಿ ಅಣೆಕಟ್ಟಿನ ಜತೆಗೆ ಸೇತುವೆ ಕಟ್ಟುವ ಕ್ರಮವೂ ಇದೆ. ಒಂದೇ ಕಾಮಗಾರಿಯಿಂದ ಬೇಸಿಗೆಗೆ ತೋಟಕ್ಕೆ ನೀರು, ಮಳೆಗಾಲಕ್ಕೆ ಜನರಿಗೆ ದಾರಿ. ಕೊರತೆ ಇರುವುದು ಬೇಡಿಕೆಯನ್ನು ಅಳೆಯುವ ಬಗೆಯಲ್ಲಿ. ವಾಹನಗಳ ಎಣಿಕೆಯೇ ಮಾನದಂಡವಾದರೆ ದಿನವೂ ದಾಟುವ ಹತ್ತಿಪ್ಪತ್ತು ಮಕ್ಕಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಕಟ್ಟಿದ ಮೇಲಿನ ನಿರ್ವಹಣೆ ಇನ್ನೊಂದು ಪ್ರಶ್ನೆ. ಉಕ್ಕಿನ ಹಗ್ಗ ತುಕ್ಕು ಹಿಡಿಯುತ್ತದೆ, ಹಲಗೆ ಸವೆಯುತ್ತದೆ. 2022ರ ಅಕ್ಟೋಬರ್ 30ರಂದು ಗುಜರಾತಿನ ಮೊರ್ಬಿಯಲ್ಲಿ, ದುರಸ್ತಿಯಾಗಿ ಕೆಲವೇ ದಿನಗಳ ಹಿಂದೆ ತೆರೆದಿದ್ದ ತೂಗುಸೇತುವೆ ಕುಸಿದು 130ಕ್ಕೂ ಅಧಿಕ ಮಂದಿ ಮೃತಪಟ್ಟ ದುರಂತ ಎಲ್ಲ ತೂಗುಸೇತುವೆಗಳಿಗೂ ಎಚ್ಚರಿಕೆ.

ಪೇಟೆಯ ಪಾದಚಾರಿಗಳದ್ದೂ ಬಹುಮಟ್ಟಿಗೆ ಇದೇ ಕಥೆ. ಮಾಣಿ-ಮೈಸೂರು ಹೆದ್ದಾರಿ ಸುಳ್ಯ ಪೇಟೆಯ ನಡುವೆಯೇ ಹಾದುಹೋಗುತ್ತದೆ. ಅಲ್ಲಿ ದಾಟಬೇಕಿರುವುದು ತೋಡನ್ನಲ್ಲ, ವಾಹನಗಳ ಸಾಲನ್ನು. 2017ರ ಬಜೆಟ್‌ನಲ್ಲಿ ಘೋಷಣೆಯಾಗಿ ಅಸ್ತಿತ್ವಕ್ಕೆ ಬಂದ ಕಡಬ ತಾಲೂಕು, ಜನರಿಗೆ ಆಡಳಿತವನ್ನು ಹತ್ತಿರ ತಂದಿದೆ. ಆ ಸಾಮೀಪ್ಯ ಪೂರ್ಣವಾಗಬೇಕಾದರೆ ಕಚೇರಿಗೆ ನಡೆದು ತಲುಪುವ ದಾರಿಯೂ ಸುರಕ್ಷಿತವಾಗಿರಬೇಕು.

ಪ್ರತಿ ಗ್ರಾಮ ಪಂಚಾಯತ್ ತನ್ನ ವ್ಯಾಪ್ತಿಯ ಕಾಲುಸಂಕಗಳ ಪಟ್ಟಿ ಮಾಡಿ, ಮಳೆಗಾಲಕ್ಕೆ ಮುನ್ನ ತಪಾಸಣೆ ನಡೆಸಿ, ಪ್ರತಿಯೊಂದಕ್ಕೂ ಹೊಣೆಗಾರರನ್ನು ಗೊತ್ತುಪಡಿಸುವುದು ಕೋಟಿಗಟ್ಟಲೆ ವೆಚ್ಚದ ಕೆಲಸವಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ಅಷ್ಟಾದರೂ ಆಗಬೇಕು.