ವಿದ್ಯೆಯೂ ಜೀವದಯೆಯೂ



ನಮ್ಮ ಗುರುಮಠಕಲ್ಲಿನಿಂದಲೂ ಯಾದಗಿರಿ, ಶಹಾಪುರ, ಸುರಪುರಗಳ ಕಡೆಯಿಂದಲೂ ವರ್ಷವರ್ಷವೂ ಅನೇಕ ಮಕ್ಕಳು ವಿಜ್ಞಾನ ವ್ಯಾಸಂಗಕ್ಕೆ ತೆರಳುತ್ತಾರೆ. ಕೆಲವರು ಕಲಬುರಗಿಗೆ, ಕೆಲವರು ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಹೋಗುತ್ತಾರೆ. ಯಾದಗಿರಿಯಲ್ಲಿಯೇ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಉಂಟು. ಇಷ್ಟಲಿಂಗ ಪೂಜೆಯಾಗದೆ ಪ್ರಸಾದ ಸ್ವೀಕರಿಸದ, ಮಾಂಸವನ್ನು ಹೊಸ್ತಿಲೊಳಗೆ ತಾರದ ಮನೆಯ ಮಗಳ ಮುಂದೆ ಒಂದು ದಿನ ಕುರಿಯ ಹೃದಯವನ್ನೋ ಆಡಿನ ಕಣ್ಣನ್ನೋ ತಟ್ಟೆಯಲ್ಲಿಟ್ಟು ಕಲಿಯೆಂದರೆ ಆಕೆ ಏನು ಮಾಡಬೇಕು?

ಇದಕ್ಕೆ ನಮ್ಮ ಮನೆಗಳಲ್ಲಿ ಎರಡು ಉತ್ತರಗಳು ಕೇಳಿಬರುತ್ತವೆ. ಅಂತಹ ವಿದ್ಯೆಯೇ ಬೇಡವೆಂಬುದು ಒಂದು. ಓದಿಗಾಗಿ ಎಲ್ಲವೂ ನಡೆಯುತ್ತದೆ, ಸುಮ್ಮನೆ ಮಾಡಿ ಬಾ ಎಂಬುದು ಇನ್ನೊಂದು. ಈ ಎರಡನ್ನೂ ನಾವು ಒಪ್ಪಲಾರೆವು.

ಮೊದಲನೆಯ ಮಾತನ್ನು ವಿಚಾರಿಸೋಣ. ಸಿಹಿಮೂತ್ರ ರೋಗಕ್ಕೆ ಕೊಡುವ ಇನ್ಸುಲಿನ್ 1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ನಾಯಿಗಳ ಮೇಲಿನ ಪ್ರಯೋಗಗಳಿಂದ ದೊರೆಯಿತು. ಮುಂದೆ ಸುಮಾರು 60 ವರ್ಷಗಳ ಕಾಲ ಅದನ್ನು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯಲಾಗುತ್ತಿತ್ತು. ಡಯಾಲಿಸಿಸ್ ವೇಳೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಂದಿಗೂ ಬಹುಮಟ್ಟಿಗೆ ಹಂದಿಯ ಕರುಳಿನಿಂದಲೇ ಬರುತ್ತದೆ. ನಮ್ಮ ಮನೆಯ ಹಿರಿಯರು ಉಳಿದುಕೊಂಡ ಚಿಕಿತ್ಸೆಯಲ್ಲಿ ಮೂಕಪ್ರಾಣಿಗಳ ಋಣವಿದೆ. ಚಿಕಿತ್ಸೆ ಬೇಕು, ವಿದ್ಯೆ ಬೇಡವೆಂಬುದು ನ್ಯಾಯವಾಗದು.

ಎರಡನೆಯ ಮಾತಂತೂ ಶರಣಮಾರ್ಗಕ್ಕೇ ಸಲ್ಲದು. ಯಜ್ಞದ ಬಲಿಗಾಗಿ ತಂದ ಹೋತವನ್ನು ಕಂಡು ಮರುಗಿ ವಚನ ನುಡಿದವರು ಅಣ್ಣ ಬಸವಣ್ಣನವರು. ಅಂದು ಪುಣ್ಯದ ಹೆಸರಿನಲ್ಲಿ ನಡೆಯುತ್ತಿದ್ದ ವ್ಯರ್ಥ ಹತ್ಯೆಯು ಇಂದು ವಿದ್ಯೆಯ ಹೆಸರಿನಲ್ಲಿ ನಡೆಯಬಾರದು. ಹಿಂದೆ ಬಿ.ಎಸ್ಸಿ. ಓದಿದ ಹಿರಿಯರನ್ನು ಕೇಳಿದರೆ ಎಷ್ಟು ಕಪ್ಪೆಗಳು ಆ ಮೇಜಿನ ಮೇಲೆ ಅಳಿದವೆಂಬುದನ್ನು ಅವರೇ ಹೇಳುತ್ತಾರೆ.

ಈ ವಿಷಯದಲ್ಲಿ ನಮ್ಮ ದೇಶದ ಕಾನೂನು ಮೌನವಾಗಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 17ನೆಯ ಪ್ರಕರಣವು ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಸಲು ಸಾಧ್ಯವಿದ್ದಲ್ಲಿ ಪ್ರಾಣಿಪ್ರಯೋಗವನ್ನು ಬಿಡಬೇಕೆನ್ನುತ್ತದೆ; ಕೇವಲ ಕೈಚಳಕ ಸಂಪಾದಿಸಲು ಸಾಧ್ಯವಾದಮಟ್ಟಿಗೆ ಪ್ರಯೋಗ ನಡೆಸಬಾರದೆಂದೂ ಹೇಳುತ್ತದೆ. 1998ರ ನಿಯಮಗಳಂತೆ ಪ್ರಯೋಗ ನಡೆಸುವ ಸಂಸ್ಥೆಯಲ್ಲಿ ನೀತಿ ಸಮಿತಿಯೊಂದು ಇರಲೇಬೇಕು. ಅದರ ಒಪ್ಪಿಗೆಯಿಲ್ಲದೆ ಪ್ರಯೋಗವಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2011ರಲ್ಲಿ ಪ್ರಾಣಿಶಾಸ್ತ್ರದ ಛೇದನ ಕ್ರಿಯೆಯನ್ನು ಹಂತಹಂತವಾಗಿ ಕಡಿಮೆ ಮಾಡಲು ಮಾರ್ಗಸೂಚಿ ಹೊರಡಿಸಿ, 2014ರಲ್ಲಿ ಅದನ್ನು ನಿಲ್ಲಿಸುವಂತೆ ತಿಳಿಸಿತು.

ಆದರೆ ಕಾಯಿದೆಯ ದೃಷ್ಟಿ ಮುಖ್ಯವಾಗಿ ಜೀವಂತ ಪ್ರಾಣಿಯ ಮೇಲಿದೆ. ಕಸಾಯಿಖಾನೆಯಿಂದ ತಂದ ಕಣ್ಣು, ಹೃದಯ, ಮೂತ್ರಪಿಂಡಗಳ ವಿಷಯದಲ್ಲಿ, ಪ್ರಾಣಿ ಹೇಗೂ ಸತ್ತಿತ್ತೆಂದು ಹೇಳಿ ಸುಮ್ಮನಾಗುವುದು ಸುಲಭ. ಪ್ರಾಣಿಗಳಿಗೆ ಬದಲಾಗಿ ಗಾಜಿನ ತಟ್ಟೆಯಲ್ಲಿ ಜೀವಕೋಶಗಳನ್ನು ಬೆಳೆಸುವ ಪದ್ಧತಿಯಲ್ಲಿಯೂ, ವಧೆಯಾದ ಗಬ್ಬದ ಹಸುವಿನ ಭ್ರೂಣದ ರಕ್ತದಿಂದ ತೆಗೆದ ದ್ರವವನ್ನು ಬಹಳಷ್ಟು ಕಡೆ ಬಳಸುತ್ತಾರೆ. ಆದ್ದರಿಂದ ಅಂಗಾಂಶವೆಂದೊಡನೆ ಪ್ರಶ್ನೆ ಮುಗಿಯುವುದಿಲ್ಲ. ಇದು ಎಲ್ಲಿಂದ ಬಂತು? ಪಾಠಕ್ಕೆಂದೇ ಕೊಲ್ಲಲಾಯಿತೆ, ಇಲ್ಲವೆ ಬೇರೆ ಕಾರಣಕ್ಕೆ ಸತ್ತ ಪ್ರಾಣಿಯದೆ? ಒಂದು ಅಂಗದಿಂದ ಹತ್ತು ಜನ ಕಲಿಯಬಹುದೆ? ಮಾದರಿಯಿಂದಲೇ ಸಾಧ್ಯವೆ? ಬಳಸಿದ ಮೇಲೆ ಅದನ್ನು ಹೇಗೆ ವಿಲೇವಾರಿ ಮಾಡುತ್ತಾರೆ? ಇವೆಲ್ಲವನ್ನೂ ದಾಖಲೆ ಪುಸ್ತಕದಲ್ಲಿ ಬರೆದಿಡುವ ಸಂಸ್ಥೆಯನ್ನು ನಾವು ಗೌರವಿಸಬೇಕು.

ನಮ್ಮ ಮಕ್ಕಳಿಗೆ ಹೇಳಬೇಕಾದುದು ಇಷ್ಟೆ. ಪಶುವೈದ್ಯಳಾಗುವವಳು ಪಶುವಿನ ಒಡಲನ್ನು ಅರಿಯದೆ ಮೂಕಪ್ರಾಣಿಯ ನೋವನ್ನು ಕಳೆಯಲಾರಳು; ಆದ್ದರಿಂದ ಅಂಜದೆ ಕಲಿಯಲಿ. ಆದರೆ ಮೇಲಿನ ಪ್ರಶ್ನೆಗಳನ್ನು ಗುರುಗಳ ಮುಂದೆ ವಿನಯದಿಂದ ಇಡಲಿ. ಪ್ರಶ್ನೆ ಕೇಳಿದ್ದಕ್ಕೆ ತಂದೆತಾಯಿಗಳು ಗದರದಿರಲಿ.

ಹಿರಿಯರಿಗೂ ಇಲ್ಲಿ ಒಂದು ಕಾಯಕವಿದೆ. ಮೇಲೆ ಹೇಳಿದ ನೀತಿ ಸಮಿತಿಯಲ್ಲಿ ವಿಜ್ಞಾನಿಗಳೂ ಪಶುವೈದ್ಯರೂ ಇರುವಂತೆ, ವಿಜ್ಞಾನಿಯಲ್ಲದ, ಸಾಮಾಜಿಕ ಪ್ರಜ್ಞೆಯುಳ್ಳ ಸದಸ್ಯರೊಬ್ಬರಿಗೂ ಸ್ಥಾನವುಂಟು. ಇದು ಬಹುಮಂದಿಗೆ ತಿಳಿಯದು. ನಿವೃತ್ತ ಶಿಕ್ಷಕರೋ ವಕೀಲರೋ ಆ ಸ್ಥಾನದಲ್ಲಿ ಕುಳಿತು, ಪ್ರತಿ ಪ್ರಯೋಗದ ಕಾಗದವನ್ನೂ ಓದಿ, ಇಷ್ಟು ಪ್ರಾಣಿಗಳು ಏಕೆ ಬೇಕೆಂದು ಕೇಳಬಲ್ಲರು. ಅವರು ಓದದೆ ಸಹಿ ಹಾಕಿದರೆ ಸಮಿತಿಯಿದ್ದೂ ಇಲ್ಲದಂತೆ. ಮಠದಲ್ಲಿ ಜೀವದಯೆಯ ಪ್ರವಚನ ಕೇಳಿ ತಲೆದೂಗುವ ನಾವು, ದಯೆಗಾಗಿಯೇ ಕಾನೂನು ಇರಿಸಿರುವ ಆ ಒಂದು ಕುರ್ಚಿಗೆ ಯೋಗ್ಯರನ್ನು ಸಿದ್ಧಪಡಿಸಬಾರದೇಕೆ?