ರ‍್ಯಾಮ್ ಡಬ್ಬಿಯ ಮೇಲಿನ ನಂಬರನ್ನು ನಂಬಬೇಡಿ

ಡೆಸ್ಕ್‌ಟಾಪ್ ಕೈಕೊಟ್ಟಾಗ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಸಿಗೋದು ಎರಡೇ ಸಲಹೆ. ವಿಂಡೋಸ್ ಮತ್ತೆ ಹಾಕಿ. ಇಲ್ಲಾಂದ್ರೆ, ಹಳೇದಾಯ್ತು, ಸೇಲ್ ಬಂದಾಗ ಹೊಸದು ತಗೊಳ್ಳಿ. ಎರಡನ್ನೂ ಹೇಳೋದು ಸುಲಭ, ಎರಡೂ ಎಷ್ಟೋ ಸಲ ತಪ್ಪು. ಮೊದಲು ರ‍್ಯಾಮನ್ನು ಅನುಮಾನಿಸಿ. ಅದರಲ್ಲೂ ಡಬ್ಬಿಯ ಮೇಲಿನ ನಂಬರ್ ನೋಡಿ ಕೊಂಡ ರ‍್ಯಾಮನ್ನು.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 6000 ಅಂತ ಇರುತ್ತೆ. ಅಂಗಡಿಯವರು ಅದನ್ನು ಮೆಗಾಹರ್ಟ್ಸ್ ಅಂತಾರೆ. ನಿಜವಾದ ಕ್ಲಾಕ್ ಅದರ ಅರ್ಧ, 3000. ಅದು ಹೋಗಲಿ ಬಿಡಿ. ಆ 6000 ಯಾರು ಕೊಟ್ಟ ಮಾತು? ರ‍್ಯಾಮ್ ಮಾಡಿದವರದ್ದು ಮಾತ್ರ, ನಿಮ್ಮ ಪ್ರೊಸೆಸರ್ ಅದಕ್ಕೆ ಸಹಿ ಹಾಕಿಲ್ಲ. ರೈಝನ್ 7000 ಸಾಲಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಎಎಂಡಿ ಕಂಪನಿಯೇ ಹೇಳಿರುವ ಮಿತಿ ಎರಡು ಸ್ಟಿಕ್ಕಿಗೆ 5200, ನಾಲ್ಕಕ್ಕೆ 3600. ಹೌದು, ನಾಲ್ಕು ಹಾಕಿದರೆ ಕಮ್ಮಿ! 6000 ಬೇಕಾದರೆ ಬಯೋಸಿನಲ್ಲಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಆನ್ ಮಾಡಬೇಕು. ಅದು ಓವರ್‌ಕ್ಲಾಕಿಂಗ್. ಬಹಳಷ್ಟು ಮಷೀನುಗಳು ಆ ವೇಗದಲ್ಲಿ ಚೆನ್ನಾಗೇ ಓಡುತ್ತವೆ, ಇಲ್ಲ ಅನ್ನಲ್ಲ. ಓಡದಿದ್ದಾಗ ಮಾತ್ರ ರ‍್ಯಾಮಿನವರು ಬೋರ್ಡಿನ ಕಡೆ ಬೆರಳು ತೋರಿಸ್ತಾರೆ, ಬೋರ್ಡಿನವರು ರ‍್ಯಾಮಿನ ಕಡೆ. ಬೀಗರ ಜಗಳದ ಹಾಗೆ, ನಡುವೆ ಸಿಕ್ಕಿಹಾಕಿಕೊಳ್ಳೋದು ನೀವು.

"ಇನ್ನೆರಡು ಸ್ಟಿಕ್ ಸೇರಿಸಿದ್ರೆ ಆಯ್ತಲ್ಲ" ಅನ್ನೋರ ಮೇಲೆ ನನಗೆ ಇನ್ನೂ ದೊಡ್ಡ ತಕರಾರು. ಹೆಸರು ಒಂದೇ, ನಂಬರ್ ಒಂದೇ ಇದ್ದರೂ ಎರಡು ವರ್ಷ ಬಿಟ್ಟು ಕೊಂಡ ಜೋಡಿಯೊಳಗೆ ಬೇರೆ ಚಿಪ್ ಇರಬಹುದು. 16 ಜಿಬಿ ಸಾಲದಿದ್ದರೆ ಒಟ್ಟು 32 ಜಿಬಿಯ ಒಂದೇ ಜೋಡಿ ಕೊಳ್ಳಿ, ಹಳೆಯದನ್ನು ಮಾರಿ. ಬೋರ್ಡ್ ತಯಾರಕರ ವೆಬ್‌ಸೈಟಿನಲ್ಲಿ ಅವರು ಪರೀಕ್ಷೆ ಮಾಡಿದ ರ‍್ಯಾಮ್‌ಗಳ ಪಟ್ಟಿ ಇರುತ್ತೆ. ಪಾರ್ಟ್ ನಂಬರನ್ನು ಅಕ್ಷರ ಅಕ್ಷರ ಹೊಂದಿಸಿ ನೋಡಿ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್, ಆದರೆ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒಂದರ ಜಾಗದಲ್ಲಿ ಇನ್ನೊಂದು ಕೂರೋದಿಲ್ಲ. ರಜೆಗೆ ಹೋಗುವಾಗ ಬೆಂಗಳೂರಿನ ತಮ್ಮನಿಗೆ ಅಂತ ಸೂಟ್‌ಕೇಸಿನಲ್ಲಿ ರ‍್ಯಾಮ್ ಒಯ್ಯೋರು ಅವನ ಬೋರ್ಡಿನ ಹೆಸರು ಮೊದಲೇ ಕೇಳಿಕೊಳ್ಳಿ. ವಾಪಸ್ ಮಾಡೋಕೆ ಮುಂದಿನ ರಜೆವರೆಗೂ ಕಾಯಬೇಕಾಗುತ್ತೆ.

"ರ‍್ಯಾಮ್ ಎಲ್ಲಿ ಕೆಡುತ್ತೆ, ಸಾಫ್ಟ್‌ವೇರೇ ಇರಬೇಕು" ಅಂತೀರಾ? ಲಿನಕ್ಸ್ ಕಟ್ಟಿದ ಲೈನಸ್ ಟೊರ್ವಾಲ್ಡ್ಸ್ ಅವರ ಮಷೀನು 2022ರ ಅಕ್ಟೋಬರಿನಲ್ಲಿ ಎಡವಟ್ಟು ಮಾಡತೊಡಗಿದಾಗ ಅವರಿಗೂ ಮೊದಲು ಅನುಮಾನ ಬಂದದ್ದು ಕರ್ನಲ್ ಮೇಲೆ. ಕೊನೆಗೆ ಸಿಕ್ಕಿದ್ದು, ಎರಡೂವರೆ ವರ್ಷ ಸರಿಯಾಗಿದ್ದು ಆಮೇಲೆ ಕೆಟ್ಟ ಒಂದು ಸ್ಟಿಕ್ಕು.

ಕ್ರ್ಯಾಶ್ ಆದರೆ ಪುಣ್ಯ, ಗೊತ್ತಾದರೂ ಆಗುತ್ತೆ. ಕೆಟ್ಟ ರ‍್ಯಾಮ್ ಸದ್ದಿಲ್ಲದೆ ಫೈಲುಗಳನ್ನೂ ಕೆಡಿಸಬಲ್ಲದು. ಊರಿಂದ ತಂದ ಕ್ಯಾಸೆಟ್ಟಿನಿಂದ ಅಜ್ಜಿಯ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದೀರಿ ಅನ್ನಿ. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಕಾಪಿ ಮಾಡುವಾಗ ಅದು ಕೆಟ್ಟರೆ ನಿಮಗೆ ಯಾವ ಎಚ್ಚರಿಕೆಯೂ ಬರೋದಿಲ್ಲ, ಬ್ಯಾಕಪ್ಪಿಗೂ ಕೆಟ್ಟ ಪ್ರತಿಯೇ ಹೋಗುತ್ತೆ. ಇಂಥದ್ದನ್ನು ಹೊಸ ವಿಂಡೋಸ್ ಹೇಗೆ ಸರಿಮಾಡುತ್ತೆ, ಹೇಳಿ?

ಹಾಗಾಗಿ ಮೊದಲು ಎಕ್ಸ್‌ಎಂಪಿ ಆಫ್ ಮಾಡಿ ಎರಡು ದಿನ ನೋಡಿ. ಆಮೇಲೆ ಪವರ್ ಕೇಬಲ್ ಕಿತ್ತು, ಸ್ಟಿಕ್ಕುಗಳನ್ನು ತೆಗೆದು, ಬೋರ್ಡಿನ ಕೈಪಿಡಿ ಹೇಳುವ ಸ್ಲಾಟಿನಲ್ಲಿ ಒಂದೇ ಒಂದನ್ನು ಕ್ಲಿಕ್ ಅನ್ನೋವರೆಗೆ ಒತ್ತಿ. ಡಿಡಿಆರ್5 ಆದರೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಗೇ ಇರಬಹುದು. ರ‍್ಯಾಮಿಗೆ ಹೊಂದಿಕೊಳ್ಳುವ ಹೊತ್ತು ಅದು, ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಮೆಮ್‌ಟೆಸ್ಟ್86 ಪ್ಲಸ್ ಪುಕ್ಕಟೆ ಸಿಗುತ್ತೆ, ಯುಎಸ್‌ಬಿಗೆ ಹಾಕಿ ರಾತ್ರಿಯಿಡೀ ಓಡಿಸಿ. ನಾಳೆ ಇನ್ನೊಂದು ಸ್ಟಿಕ್ಕಿನ ಸರದಿ. ಡಬ್ಬಿಯ ವೇಗದಲ್ಲಿ ಮಾತ್ರ ತಪ್ಪು ಬಂದರೆ ವೇಗ ಇಳಿಸಿ. ಸಾಮಾನ್ಯ ವೇಗದಲ್ಲೂ ಬಂದರೆ, ಬೇರೆ ಸ್ಲಾಟಿನಲ್ಲೂ ಬಂದರೆ, ಸ್ಟಿಕ್ಕು ಕೆಟ್ಟಿದೆ. ಒಂದೇ ತಪ್ಪು ತಾನೇ ಅಂತ ರಾಜಿ ಮಾಡ್ಕೋಬೇಡಿ. ಹಲವು ಬ್ರ್ಯಾಂಡುಗಳು ರ‍್ಯಾಮಿಗೆ ಜೀವಿತಾವಧಿ ವಾರಂಟಿ ಕೊಡುತ್ತವೆ, ಬಿಲ್ ಹುಡುಕಿ ಇಟ್ಟುಕೊಳ್ಳಿ. ಕಳಿಸುವಾಗ ಕೆಟ್ಟದ್ದೊಂದನ್ನೇ ಅಲ್ಲ, ಜೋಡಿಯನ್ನೇ ಕಳಿಸಿ.